ಪೆಟ್ಟಿಗೆಯೊಳಗಿದ್ದ ಇಕ್ಕಳ

ಮಗಳು ಹುಟ್ಟಿದ ಮೂರನೇ ದಿನ ಊರಿಂದ ಅಜ್ಜಿ ಬಂದಳು. ಬಸ್ಸಿಳಿದು ಸೀದಾ ಆಸ್ಪತ್ರೆಗೇ ಬಂದು, ಕೈಕಾಲು ತೊಳೆದು, ಕೂಸನ್ನು ಎತ್ತಿಕೊಂಡು ಕಿಟಕಿ ಹತ್ತಿರ ಹೋದಳು. ಮಗುವಿನ ಎರಡೂ ಕೆನ್ನೆ ಮೇಲೆ, ಕಿವಿಯ ಮುಂದಕ್ಕೆ, ತಿಳಿಗೆಂಪು ಗುರುತಿತ್ತು.

"ಇದೇನ್ಲಾ ಮಗ, ಕೂಸಿನ ಕೆನ್ನೆ ಯಾರು ಹಿಂಡಿದ್ರು?"

"ತಲೆ ಅರ್ಧ ಬಂದು ನಿಂತ್ಬಿಟ್ಟಿತ್ತು ಅಜ್ಜಿ. ಇಕ್ಕಳ ಹಾಕಿ ತೆಗೆದ್ರು. ನಾಲ್ಕು ದಿನಕ್ಕೆ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು."

ಅಜ್ಜಿಗೆ ಆ ಇಕ್ಕಳ ನೋಡಬೇಕಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದೆ. ನಡುವೆ ತೂತಿರುವ ಎರಡು ಬಾಗಿದ ಸೌಟುಗಳು, ಒಂದಕ್ಕೊಂದು ಸಿಕ್ಕಿಸೋಕೆ ಒಂದು ಕೊಂಡಿ. ಬಹಳ ಹೊತ್ತು ನೋಡಿದಳು. ಆಮೇಲೆ, "ಇಷ್ಟೇನೇನ್ಲಾ?" ಅಂದಳು.

ನಮ್ಮಜ್ಜಿ ಮೂವತ್ತು ವರ್ಷ ನಮ್ಮೂರಿನ ಸೂಲಗಿತ್ತಿ. ಎಲೆ ಅಡಿಕೆ, ಮೊರದ ತುಂಬ ರಾಗಿ, ಉಳ್ಳವರ ಮನೆಯಾದರೆ ಒಂದು ಸೀರೆ. ಇಷ್ಟೇ ಅವಳ ಸಂಬಳ. ನಮ್ಮಪ್ಪನೂ ಸೇರಿ ಊರಿನ ಅರ್ಧ ಜನ ಅವಳ ಕೈಯಲ್ಲೇ ಕಣ್ಣು ಬಿಟ್ಟವರು ಅಥವಾ ಅವಳ ಹತ್ತಿರ ನೀರು ಹಾಕಿಸಿಕೊಂಡವರು. ಆದರೆ 1970ರ ಸುಮಾರಿಗೆ ಅವಳ ಸ್ವಂತ ನಾದಿನಿಗೆ ಎರಡು ದಿನ ನೋವು ಬಂದು, ತಲೆ ಕಾಣಿಸಿಕೊಂಡು, ಅಲ್ಲೇ ನಿಂತುಹೋಯಿತು. ಗಾಡಿ ಕಟ್ಟಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಿಂದ ಗಾಡಿ ವಾಪಸ್ ಬಂತು. ಅಜ್ಜಿ ಈ ವಿಷಯ ಮಾತಾಡೋದು ಕಮ್ಮಿ. ಆ "ಇಷ್ಟೇನೇನ್ಲಾ" ಯಾವ ದಿನದಿಂದ ಬಂದ ಮಾತು ಅಂತ ನನಗೆ ಗೊತ್ತಾಯಿತು.

ಆ ರಾತ್ರಿ ವಾರ್ಡಿನ ಹೊರಗೆ ಕುರ್ಚಿ ಮೇಲೆ ಕೂತು ಇಕ್ಕಳದ ಕಥೆ ಹುಡುಕುತ್ತಾ ಹೋದೆ. ಸಿಕ್ಕಿದ ಕಥೆ ನನ್ನ ನಿದ್ದೆ ಕೆಡಿಸಿತು.

1569ರಲ್ಲಿ ಫ್ರಾನ್ಸಿನ ಧಾರ್ಮಿಕ ಗಲಭೆಗೆ ಹೆದರಿ ವಿಲಿಯಂ ಚೇಂಬರ್ಲೆನ್ ಎಂಬ ಪ್ರಾಟೆಸ್ಟೆಂಟ್ ಇಂಗ್ಲೆಂಡಿಗೆ ಓಡಿಬಂದ. ಅವನ ಗಂಡು ಮಕ್ಕಳಲ್ಲಿ ಇಬ್ಬರಿಗೆ ಪೀಟರ್ ಅಂತಲೇ ಹೆಸರು. ದೊಡ್ಡ ಪೀಟರ್, ಚಿಕ್ಕ ಪೀಟರ್. ಇಬ್ಬರೂ ಹೆರಿಗೆ ಮಾಡಿಸುವ ಕೆಲಸಕ್ಕಿಳಿದರು. ಆಗ ಅದು ಗಂಡಸರ ಕೆಲಸವಾಗಿರಲಿಲ್ಲ. ಇಂಗ್ಲೆಂಡಿನಲ್ಲೂ ಹೆರಿಗೆ ಕೋಣೆ ಸೂಲಗಿತ್ತಿಯರದ್ದೇ. ಮಗು ಸಿಕ್ಕಿಕೊಂಡು ಎಲ್ಲ ಕೈಮೀರಿದ ಮೇಲೆ ಶಸ್ತ್ರವೈದ್ಯನನ್ನು ಕರೆಯುತ್ತಿದ್ದರು. ಅವನು ತರುತ್ತಿದ್ದದ್ದು ಕೊಕ್ಕೆ. ಸತ್ತ ಮಗುವನ್ನು ಎಳೆದು ತೆಗೆದು, ಸಾಧ್ಯವಾದರೆ ತಾಯಿಯನ್ನು ಉಳಿಸುವುದು ಅವನ ಕೆಲಸ. ಅವನು ಬಾಗಿಲಲ್ಲಿ ಕಂಡನೆಂದರೆ ಮಗುವಿನ ಆಸೆ ಬಿಟ್ಟ ಹಾಗೆ.

ಚೇಂಬರ್ಲೆನ್ನರು ಬಂದರೆ ಮಾತ್ರ ಒಮ್ಮೊಮ್ಮೆ ಜೀವಂತ ಮಗು ಹೊರಬರುತ್ತಿತ್ತು. ಅವರ ಹತ್ತಿರ ಇದ್ದದ್ದು ಇದೇ ಇಕ್ಕಳ. ಕಂಡುಹಿಡಿದವನು ದೊಡ್ಡ ಪೀಟರ್ ಅಂತ ಸಾಮಾನ್ಯವಾಗಿ ನಂಬುತ್ತಾರೆ. ಎರಡು ತೋಳುಗಳನ್ನು ಬೇರೆ ಬೇರೆಯಾಗಿ ಒಳಗೆ ಸೇರಿಸಿ, ಮಗುವಿನ ತಲೆಯ ಎರಡೂ ಬದಿಗೆ ಕೂರಿಸಿ, ಆಮೇಲೆ ಜೋಡಿಸಬೇಕು. ತಲೆಗೆ ಹೊಂದುವಂತೆ ತೋಳು ಬಾಗಿರಬೇಕು. ಐಡಿಯಾ ಇಷ್ಟೇ. ಒಮ್ಮೆ ನೋಡಿದರೆ ಯಾವ ಕಮ್ಮಾರನಾದರೂ ಮಾಡಿಕೊಟ್ಟಾನು. ಅದಕ್ಕೇ ಯಾರಿಗೂ ತೋರಿಸಲಿಲ್ಲ.

ಇಬ್ಬರು ಹೊರಬೇಕಾದಷ್ಟು ದೊಡ್ಡ, ಚಿನ್ನದ ಬಣ್ಣ ಬಳಿದ ಪೆಟ್ಟಿಗೆಯಲ್ಲಿ ಅದನ್ನು ತರುತ್ತಿದ್ದರಂತೆ. ಮನೆಯವರನ್ನು ಹೊರಗೆ ಕಳಿಸಿ, ಬಸುರಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ. ಲೋಹದ ಸದ್ದು ಕೇಳದಿರಲಿ ಅಂತ ಗಂಟೆ ಬಾರಿಸುತ್ತಿದ್ದರಂತೆ. ಇದೆಲ್ಲ ಎಷ್ಟು ನಿಜವೋ, ಗುಟ್ಟಂತೂ ನಿಜ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಒಂದೇ ಮನೆಯೊಳಗಿತ್ತು.

1670ರಲ್ಲಿ ಆ ಮನೆಯ ಹ್ಯೂ ಚೇಂಬರ್ಲೆನ್ ಈ ಗುಟ್ಟನ್ನು ಮಾರಲು ಪ್ಯಾರಿಸ್ಸಿಗೆ ಹೋದ. ಅಲ್ಲಿನ ಹೆಸರಾಂತ ಹೆರಿಗೆ ವೈದ್ಯ ಫ್ರಾನ್ಸ್ವಾ ಮೊರಿಸೋ ಪರೀಕ್ಷೆಗೆ ಒಂದು ಕೇಸ್ ಕೊಟ್ಟ. ಮೂವತ್ತೆಂಟು ವರ್ಷದ ಹೆಂಗಸು, ಚೊಚ್ಚಲ ಹೆರಿಗೆ, ಸೊಂಟದ ಎಲುಬು ತೀರಾ ಕಿರಿದು, ಎಂಟು ದಿನದಿಂದ ನೋವು. ಕಾಲು ಗಂಟೆ ಸಾಕು ಅಂದ ಹ್ಯೂ ಬಾಗಿಲು ಹಾಕಿಕೊಂಡು ಮೂರು ಗಂಟೆ ಹೆಣಗಿದ. ಆಗಲಿಲ್ಲ. ಮಗು ಹೊರಗೇ ಬರಲಿಲ್ಲ, ಮಾರನೇ ದಿನ ಆಕೆಯೂ ಸತ್ತಳು. ವ್ಯಾಪಾರ ಮುರಿಯಿತು.

ಹ್ಯೂ ವಾಪಸ್ ಬಂದು ಮೊರಿಸೋನ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿ 1672ರಲ್ಲಿ ಪ್ರಕಟಿಸಿದ. ಅದರ ಮುನ್ನುಡಿಯಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಇಂಥ ಹೆರಿಗೆಯಲ್ಲಿ ಮಗುವನ್ನು ಜೀವಂತ ತೆಗೆಯುವ ಉಪಾಯ ನಮ್ಮ ಮನೆಯವರಿಗೆ ಗೊತ್ತು, ಆದರೆ ಅಪ್ಪ ಮತ್ತು ಅಣ್ಣತಮ್ಮಂದಿರ ಜೀವನ ಅದರಿಂದಲೇ ನಡೆಯುತ್ತಿರುವುದರಿಂದ ಬಹಿರಂಗಪಡಿಸುವ ಹಾಗಿಲ್ಲ, ಕ್ಷಮಿಸಿ ಅನ್ನುವ ಧಾಟಿಯಲ್ಲಿ ಬರೆದಿದ್ದಾನೆ.

ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಜೊತೆಗೆ ನಾಚಿಕೆಯೂ ಆಯಿತು. ಯಾಕಂದ್ರೆ ನಾನು ಕೆಲಸ ಮಾಡೋದೂ ಕೋಡ್ ಹೊರಗೆ ಬಿಡಬಾರದು ಅಂತ ಸಹಿ ಹಾಕಿಸಿಕೊಳ್ಳುವ ಉದ್ಯಮದಲ್ಲೇ. ಮನೆ ನಡೀಬೇಕಲ್ಲ ಅನ್ನೋ ಹ್ಯೂನ ವಾದ ನನಗೆ ಅಪರಿಚಿತ ಏನಲ್ಲ.

ಆದರೆ ಎಂಜಿನಿಯರ್ ಆಗಿ ನನಗೆ ಕಂಡ ಇನ್ನೊಂದು ಸಂಗತಿ ಇದೆ. ಗುಟ್ಟಾಗಿಟ್ಟ ವಸ್ತು ಬೆಳೆಯೋದಿಲ್ಲ. ಪ್ಯಾರಿಸ್ಸಿನಲ್ಲಿ ಆದದ್ದನ್ನು ನಾವು 'ಬಗ್' ಅನ್ನುತ್ತೇವೆ: ಎಲುಬಿನ ದಾರಿಯೇ ಸಾಲದಿದ್ದರೆ ಇಕ್ಕಳ ಕೆಲಸಕ್ಕೆ ಬರಲ್ಲ. ಹತ್ತು ಜನ ವೈದ್ಯರು ಕೂತು ಚರ್ಚಿಸಬೇಕಿದ್ದ ಈ ಸಂಗತಿ ಮುಚ್ಚಿದ ಬಾಗಿಲ ಹಿಂದೆ ಒಬ್ಬನಿಗೆ ಆದ ಸೋಲಾಗಿ ಉಳಿಯಿತು.

1730ರ ದಶಕದಲ್ಲಿ ಗುಟ್ಟು ಒಡೆಯಿತು. ಆ ಹೊತ್ತಿಗೆ ಬೇರೆಯವರ ಕೈಗೂ ಇಕ್ಕಳ ಸಿಕ್ಕಿತ್ತು. ಎಡ್ಮಂಡ್ ಚಾಪ್ಮನ್ ಎಂಬ ವೈದ್ಯ 1733ರಲ್ಲಿ ಅದರ ಬಗ್ಗೆ ಪುಸ್ತಕದಲ್ಲೇ ಬರೆದ. ಮುಂದಿನ ಇಪ್ಪತ್ತೇ ವರ್ಷದಲ್ಲಿ ಏನಾಯಿತು ನೋಡಿ. ಫ್ರಾನ್ಸಿನ ಆಂದ್ರೆ ಲೆವ್ರೆ ಸೊಂಟದ ಎಲುಬಿನ ತಿರುವಿಗೆ ಹೊಂದುವಂತೆ ಇಕ್ಕಳಕ್ಕೆ ಇನ್ನೊಂದು ಬಾಗು ಕೊಟ್ಟ. ಸ್ಕಾಟ್ಲೆಂಡಿನಿಂದ ಲಂಡನ್ನಿಗೆ ಬಂದ ವಿಲಿಯಂ ಸ್ಮೆಲಿ ಸುಲಭದ ಕೊಂಡಿ ಮಾಡಿದ, ತಣ್ಣನೆ ಲೋಹ ತಾಗದಿರಲಿ ಅಂತ ಚರ್ಮ ಸುತ್ತಿದ. ಅದಕ್ಕಿಂತ ಮುಖ್ಯವಾಗಿ ಯಾವಾಗ ಹಾಕಬೇಕು, ಯಾವಾಗ ಮುಟ್ಟಬಾರದು ಅಂತ ನಿಯಮ ಬರೆದ. ನಿಜವಾದ ಎಲುಬಿಗೆ ಚರ್ಮ ಹೊದಿಸಿ ಗೊಂಬೆ ಮಾಡಿ ಅದರ ಮೇಲೆ ಕಲಿಸಿದ. ಹತ್ತು ವರ್ಷದಲ್ಲಿ 280 ಕೋರ್ಸು, 900ಕ್ಕೂ ಹೆಚ್ಚು ಗಂಡು ವಿದ್ಯಾರ್ಥಿಗಳು, ಹೆಂಗಸರು ಬೇರೆ ಎಂಬ ಲೆಕ್ಕವನ್ನು ಅವನೇ ಕೊಟ್ಟಿದ್ದಾನೆ. 1752ರಲ್ಲಿ ಅದೆಲ್ಲವನ್ನೂ ಪುಸ್ತಕ ಮಾಡಿದ. ಹೆರಿಗೆಶಾಸ್ತ್ರ ಒಂದು ವೃತ್ತಿಯಾಗಿ ನಿಂತದ್ದು ಹೀಗೆ, ನಾಲ್ಕು ಜನರ ಮುಂದೆ ಕಲಿಸಲು ಶುರು ಮಾಡಿದ ಮೇಲೆ.

ಇಲ್ಲಿಗೆ ಮುಗಿದಿದ್ದರೆ ನಮ್ಮ ಓಪನ್ ಸೋರ್ಸ್ ಭಾಷಣಕ್ಕೆ ಒಳ್ಳೆ ಉದಾಹರಣೆ ಆಗ್ತಿತ್ತು. ಆದರೆ ಗುಟ್ಟು ಹೋದ ಜಾಗಕ್ಕೆ ಬೇಲಿ ಬಂತು. ಇಕ್ಕಳ ಗಂಡಸು ವೈದ್ಯರದ್ದಾಯಿತು. ಕಷ್ಟವಾದರೆ ವೈದ್ಯನನ್ನು ಕರೆ ಅನ್ನುವುದಷ್ಟೇ ಸೂಲಗಿತ್ತಿಗೆ ಸಿಕ್ಕ ಪಾಠ. ಪ್ಯಾರಿಸ್ಸಿನ ದೊಡ್ಡಾಸ್ಪತ್ರೆಯಲ್ಲಿ ಕಲಿತು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಎಲಿಜಬೆತ್ ನಿಹೆಲ್ ಎಂಬ ಸೂಲಗಿತ್ತಿ 1760ರಲ್ಲಿ ಪುಸ್ತಕ ಬರೆದು ಸ್ಮೆಲಿಯನ್ನೂ ಅವನ ಗೊಂಬೆಯನ್ನೂ ತರಾಟೆಗೆ ತೆಗೆದುಕೊಂಡಳು. ಕಾಯುವ ತಾಳ್ಮೆ ಇಲ್ಲದವರು ಸಲಕರಣೆಗೆ ಕೈ ಹಾಕುತ್ತಾರೆ ಅನ್ನುವುದು ಅವಳ ತಕರಾರು. ಅವಳ ಮಾತಿನಲ್ಲೂ ಸತ್ಯವಿತ್ತು. ಅವಸರದ ಇಕ್ಕಳದಿಂದ ಗಾಯಗೊಂಡ ತಾಯಂದಿರು, ಮಕ್ಕಳು ಕಮ್ಮಿಯೇನಲ್ಲ. ಆದರೆ ವೃತ್ತಿ ಅವಳ ದಾರಿಯಲ್ಲಿ ಹೋಗಲಿಲ್ಲ. 1886ರ ಕಾನೂನಿನಿಂದ ಬ್ರಿಟನ್ನಿನಲ್ಲಿ ವೈದ್ಯನಾಗುವ ಪ್ರತಿಯೊಬ್ಬನೂ ಹೆರಿಗೆಶಾಸ್ತ್ರದಲ್ಲಿ ಪಾಸಾಗಲೇಬೇಕಾಯಿತು. 1929ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಪ್ರತ್ಯೇಕ ಕಾಲೇಜೇ ಹುಟ್ಟಿತು.

1813ರಲ್ಲಿ ಎಸೆಕ್ಸ್ ಪ್ರಾಂತ್ಯದ ವುಡಮ್ ಮಾರ್ಟಿಮರ್ ಎಂಬ ಹಳ್ಳಿಯ ಹಳೇ ಮನೆಯಲ್ಲಿ ನೆಲದ ಹಲಗೆ ಎತ್ತಿದಾಗ ಒಂದು ಪೆಟ್ಟಿಗೆ ಸಿಕ್ಕಿತು. ಅದು ಚಿಕ್ಕ ಪೀಟರನ ಮಗ ಡಾಕ್ಟರ್ ಪೀಟರ್ ಬಾಳಿದ ಮನೆ. ಒಳಗೆ ಹಳೇ ಕಾಗದ, ಕೈಗವಸು, ಬೀಸಣಿಗೆ, ಗಂಡನ ಕೊನೇ ಹಲ್ಲು ಅಂತ ಬರೆದಿಟ್ಟ ಒಂದು ಹಲ್ಲು, ಅವುಗಳ ಜೊತೆ ಇಕ್ಕಳಗಳು. ಅವನ ಹೆಂಡತಿಯೇ ಬಚ್ಚಿಟ್ಟಿರಬೇಕು ಅಂತಾರೆ. ಅಷ್ಟು ಹೊತ್ತಿಗೆ ಊರೆಲ್ಲ ಬಳಸುತ್ತಿದ್ದ ಸಾಮಾನು ಅದು.

ಮಾರನೇ ಬೆಳಿಗ್ಗೆ ಕಾಫಿ ಕುಡೀತಾ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಂದಾಜು ಲೆಕ್ಕವನ್ನೂ ಹೇಳಿದೆ: ಗುಟ್ಟು ಒಡೆದು 240 ವರ್ಷ ಆದಮೇಲೂ ಆ ಸಾಮಾನು, ಅದನ್ನು ಹಾಕಲು ಬಲ್ಲ ಒಬ್ಬ ಡಾಕ್ಟರು ನಮ್ಮೂರಿನಿಂದ ಅರ್ಧ ದಿನದ ಗಾಡಿ ದಾರಿ ದೂರ ಇದ್ದರು. ಅಜ್ಜಿ ಲೆಕ್ಕ ಕೇಳಿಸಿಕೊಳ್ಳಲಿಲ್ಲ.

"ಆ ಪೆಟ್ಗೆ ಮುಚ್ಚಿಟ್ಟೋರ ಮನ್ಯಾಗೆ ಹೆಣ್ಮಕ್ಳು ಇರ್ಲಿಲ್ವೇನ್ಲಾ?"

"ಇದ್ರಂತೆ ಅಜ್ಜಿ."

"ನನ್ ಕೈಗೆ ಕೊಟ್ಟಿದ್ರೂ ನಂಗೆ ಹಾಕಕ್ಕೆ ಬರ್ತಿರ್ಲಿಲ್ಲ ಬಿಡು," ಅಂದಳು ಸ್ವಲ್ಪ ಹೊತ್ತಿನ ಮೇಲೆ. "ಯಾರಾದ್ರೂ ಹೇಳ್ಕೊಟ್ಟಿದ್ರೆ ಕಲೀತಿದ್ದೆ."

ಆಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹೆಬ್ಬೆರಳಿನಿಂದ ಆ ಗುರುತಿನ ಮೇಲೆ ಮೆಲ್ಲಗೆ ಸವರಿದಳು.