ಭದ್ರ: ಕಲ್ಯಾಣದ ನೆರೆಮನೆಯ ಪದ

ಮಂಗಳ ಎಂಬರ್ಥದ ಪದಗಳನ್ನು ಪಟ್ಟಿ ಮಾಡುವಾಗ ಅಮರಕೋಶ ಭದ್ರ ಮತ್ತು ಕಲ್ಯಾಣಗಳನ್ನು ಅಕ್ಕಪಕ್ಕದಲ್ಲೇ ಕೂರಿಸುತ್ತದೆ. ಕಲ್ಯಾಣ ಬೀದರ್ ಜಿಲ್ಲೆಯ ಒಂದು ಊರಿನ ಹೆಸರಾಯಿತು, ಆಮೇಲೆ ಸಮಾಜ ಕಲ್ಯಾಣ, ಕಾರ್ಮಿಕ ಕಲ್ಯಾಣ ಎಂದು ಸರ್ಕಾರಿ ಕಚೇರಿಗಳ ಬಾಗಿಲಿಗೆ ಹತ್ತಿತು. ಭದ್ರ ಹಿಡಿದ ದಾರಿ ಬೇರೆ. ಗಡಿ ಭದ್ರತಾ ಪಡೆ, ಭದ್ರತಾ ಮಂಡಳಿ, 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಎಂದು ಅದು ಸಮವಸ್ತ್ರ ತೊಟ್ಟು ನಿಂತಿತು. ಒಂದೇ ಅರ್ಥದಿಂದ ಹೊರಟ ಎರಡು ಪದಗಳು ಇಂದು ಬೇರೆ ಬೇರೆ ಮಂತ್ರಿಗಳ ಕೈಯಲ್ಲಿವೆ, ಅವುಗಳ ಬಜೆಟ್ಟೂ ಬೇರೆ.

ಋಗ್ವೇದದ ಭದ್ರದಲ್ಲಿ ಗೋಡೆಯಿಲ್ಲ, ಬೀಗವಿಲ್ಲ. ಅಲ್ಲಿ ಅದು ಒಳ್ಳೆಯದು, ಹಿತವಾದದ್ದು, ಕಣ್ಣಿಗೂ ಕಿವಿಗೂ ಸೊಗಸುವಂಥದ್ದು. ಪ್ರಾಕೃತಕ್ಕೆ ಇಳಿದು ಭದ್ದ, ಭಲ್ಲ ಎಂದಾಯಿತು. ಹಿಂದಿ, ಮರಾಠಿಗಳ ಭಲಾ ಅದರ ಮೊಮ್ಮಗ. ಬಂಗಾಳಿಯ ಭದ್ರಲೋಕ ಎಂದರೆ ಸಭ್ಯ ಜನ, ಹಿಂದಿಯಲ್ಲಿ ಅಭದ್ರ ಎಂದರೆ ಅಸಭ್ಯ. ಕನ್ನಡ ಮತ್ತು ತೆಲುಗುಗಳಲ್ಲಿ ಪದ ಬೇರೆ ಕಡೆ ತಿರುಗಿತು. ನಮಗೆ ಅಭದ್ರ ಎಂದರೆ ಅಲುಗಾಡುವಂಥದ್ದು, ಯಾವಾಗ ಕುಸಿಯುತ್ತದೋ ಗೊತ್ತಿಲ್ಲದ್ದು. ಹಿಂದಿ, ಮರಾಠಿಗಳು ಕಾಪಾಡುವ ಕೆಲಸಕ್ಕೆ ಸುರಕ್ಷಾ ಎಂಬ ಪದವನ್ನು ಹಿಡಿದರೆ ನಾವು ಭದ್ರತೆಯನ್ನು ಹಿಡಿದೆವು.

ಒಳ್ಳೆಯದು ಗಟ್ಟಿಯಾದದ್ದು ಹೇಗಾಯಿತು? ಅರಸರ ಸಿಂಹಾಸನ ಭದ್ರಾಸನ, ಆನೆಗಳಲ್ಲಿ ಉತ್ತಮವಾದದ್ದು ಭದ್ರಜಾತಿ. ದೇವಾಲಯದ ಗೋಡೆಯ ನಡುವೆ ಮುಂದಕ್ಕೆ ಚಾಚಿ ನಿಲ್ಲುವ ಭಾಗಕ್ಕೂ ಶಿಲ್ಪಶಾಸ್ತ್ರದಲ್ಲಿ ಭದ್ರ ಎಂದೇ ಹೆಸರು. ಕದಲದ ಪೀಠ, ಬೆದರದ ಆನೆ, ಎದೆಯುಬ್ಬಿಸಿ ನಿಂತ ಗೋಡೆ: ಮಂಗಳಕ್ಕೆ ಬಲ ಕೂಡಿದ್ದು ಇಂಥ ಕಡೆಗಳಲ್ಲೇ ಇರಬೇಕು ಎಂಬುದು ನನ್ನ ಊಹೆ.

ಬೀದರ್ ಜಿಲ್ಲೆಯ ಹುಮನಾಬಾದಿಗೆ ಬಂದರೆ ಪದಕ್ಕೆ ದೇವರ ರೂಪವೇ ಸಿಗುತ್ತದೆ. ಊರಿನ ಆರಾಧ್ಯ ದೈವ ವೀರಭದ್ರೇಶ್ವರ. ಜನವರಿಯ ಜಾತ್ರೆಗೆ ಮೂರು ರಾಜ್ಯಗಳ ಜನ ಸೇರುತ್ತಾರೆ. ಕತೆ ಎಲ್ಲರಿಗೂ ಗೊತ್ತು. ದಕ್ಷನ ಯಜ್ಞಕ್ಕೆ ದೇವತೆಗಳೆಲ್ಲ ಬಂದಿದ್ದರು, ಯಾವುದಕ್ಕೂ ಕೊರತೆಯಿರಲಿಲ್ಲ. ಕರೆಯದೆ ಬಿಟ್ಟದ್ದು ಅಳಿಯನನ್ನು, ಅವಮಾನಿಸಿದ್ದು ಮಗಳನ್ನು. ವೀರಭದ್ರ ಹುಟ್ಟಿದ್ದು ಆ ಅವಮಾನದಿಂದ. ಯಜ್ಞಶಾಲೆಯ ಕಾವಲು ಸಾಲದೆ ಯಜ್ಞ ಕೆಟ್ಟಿತು ಎಂದು ನಮ್ಮ ಹಿರಿಯರು ಯಾರೂ ಹೇಳಲಿಲ್ಲ. ಕರೆಯಬೇಕಾದವರನ್ನು ಕರೆಯಲಿಲ್ಲ ಎಂದೇ ಹೇಳಿದರು. ಅಪಾಯ ಬಂದ ದಿಕ್ಕನ್ನಷ್ಟೇ ನೋಡದೆ ಅದು ಹುಟ್ಟಿದ ಜಾಗವನ್ನು ಹುಡುಕುವುದನ್ನು ಈ ಕತೆ ಎಷ್ಟು ಸರಳವಾಗಿ ಕಲಿಸುತ್ತದೆ!

ಇದೇ ಮಾತನ್ನು ರಾಜ್ಯಶಾಸ್ತ್ರವಾಗಿ ಬರೆದವನು ಕಲ್ಯಾಣದ ಒಬ್ಬ ಚಾಲುಕ್ಯ ಅರಸ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ಅಡುಗೆ, ಸಂಗೀತ, ಚಿತ್ರಕಲೆಗಳ ಭಾಗಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮೊದಲೆರಡು ಭಾಗಗಳ ಅನುಕ್ರಮ. ಕೋಟೆ, ಬೊಕ್ಕಸ, ಸೈನ್ಯ, ಆನೆ ಎಲ್ಲವೂ ಬರುವುದು ಎರಡನೆಯ ಭಾಗದಲ್ಲಿ, ರಾಜ್ಯವನ್ನು ಸ್ಥಿರಗೊಳಿಸುವ ಬಗೆಯಾಗಿ. ಅದಕ್ಕೂ ಮುಂಚೆ, ರಾಜ್ಯ ದಕ್ಕುವುದಕ್ಕೆ ಕಾರಣಗಳು ಎಂಬ ಮೊದಲ ಭಾಗದಲ್ಲಿ, ಸುಳ್ಳಾಡದಿರುವುದು, ಪರರಿಗೆ ದ್ರೋಹ ಬಗೆಯದಿರುವುದು, ದೀನರು, ಅನಾಥರು, ನೊಂದವರು, ಬಂಧುಗಳು, ಆಳುಗಳು ಇವರನ್ನು ಪೋಷಿಸುವುದು, ಶರಣು ಬಂದವರನ್ನು ಕಾಯುವುದು ಬರುತ್ತವೆ. ಅನಾಥನ ಊಟ ಆನೆಯ ಲಾಯಕ್ಕಿಂತ ಮೊದಲು. ಇದನ್ನು ಬರಿಯ ಧರ್ಮೋಪದೇಶ ಎಂದು ದಾಟಿಹೋಗುವುದು ತಪ್ಪು. ಬರೆದವನು ದಂಡಯಾತ್ರೆಗಳ ಮನೆಯಲ್ಲಿ ಬೆಳೆದವನು, ಕೋಟೆಯ ಬೆಲೆ ಅವನಿಗೆ ಗೊತ್ತಿತ್ತು.

ಕೋಟೆಯ ಮಿತಿಯೂ ಅವನ ವಂಶಕ್ಕೆ ಗೊತ್ತಿತ್ತು. ಅಜ್ಜನ ತಲೆಮಾರಿನಲ್ಲಿ ಚೋಳರ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ಇಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಎಂದು ಪೀಠದಲ್ಲಿ ತಮಿಳಿನಲ್ಲಿ ಕೊರೆಸಿದ. ದಾರಾಸುರಂನಲ್ಲಿದ್ದ ಆ ವಿಗ್ರಹ ಈಗ ತಂಜಾವೂರಿನಲ್ಲಿದೆ. ಬಾಗಿಲು ಕಾಯುವವನೇ ಕೊಳ್ಳೆಯ ಮಾಲಾದ! ಆದರೂ ಕಲ್ಯಾಣ ಮತ್ತೆ ಎದ್ದಿತು, ವಿಕ್ರಮಾದಿತ್ಯನ ಐವತ್ತು ವರ್ಷಗಳಲ್ಲಿ ಮೆರೆಯಿತು. ಹುಮನಾಬಾದ್ ಬಳಿಯ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಬಳುಕಿ ನಿಂತ ಶಿಲಾಬಾಲಿಕೆಯೊಬ್ಬಳು ಸಪ್ತದ್ವೀಪಗಳ ಭೂಮಿಯೇ ಅವನಿಗೆ ವಶ ಎಂಬರ್ಥದ ಶ್ಲೋಕವನ್ನು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವನು ತೀರಿಕೊಂಡದ್ದು 1126ರಲ್ಲಿ. ಮೂರು ದಶಕ ಕಳೆಯುವಷ್ಟರಲ್ಲಿ ರಾಜ್ಯ ಕೈತಪ್ಪಿತು, ಅದೂ ಹೊರಗಿನ ಶತ್ರುವಿಗಲ್ಲ. ಚಾಲುಕ್ಯರ ಮಹಾಮಂಡಲೇಶ್ವರನೇ ಆಗಿದ್ದ ಕಳಚುರಿ ಬಿಜ್ಜಳ ಪಟ್ಟ ಹಿಡಿದ.

ಬಿಜ್ಜಳನ ಕಾಲದಲ್ಲಿ ಕಲ್ಯಾಣಕ್ಕೆ ಒದಗಿದ ಕೇಡಿನ ಮೂಲವಂತೂ ಇನ್ನೂ ಒಳಗಿತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದು ರಾಜ್ಯಕ್ಕೆ ಅಪಾಯವಾಗಿ ಕಂಡಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಆಮೇಲೆ ಬಿಜ್ಜಳನ ಕೊಲೆ, ಶರಣರು ಉಳವಿಯ ಕಡೆಗೆ ಚದುರಿದ್ದು. ವ್ಯವಸ್ಥೆಯ ಭದ್ರತೆ ಎಂದು ಮಾಡಿದ ಶಿಕ್ಷೆಯೇ ಊರನ್ನು ಅಭದ್ರಗೊಳಿಸಿತು. ಕಾಯಕ, ದಾಸೋಹಗಳಿಂದ ದುಡಿಯುವವರ ಬದುಕಿಗೆ ನೆಲೆ ಹುಡುಕುತ್ತಿದ್ದ ಜನರನ್ನು ಶತ್ರುಗಳೆಂದು ಎಣಿಸಿದ ದಿನವೇ ಕಲ್ಯಾಣಕ್ಕೂ ಭದ್ರಕ್ಕೂ ನಂಟು ಕಡಿಯಿತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ, ನಿಜಾಮ ಎಂದು ಕೋಟೆಯ ಒಡೆಯರು ಬದಲಾದರು. ಕಲ್ಯಾಣಿ ನವಾಬರ ಜಾಗೀರಾಯಿತು. ಆಡುಮಾತಿಗೆ ಫಾರಸಿಯ ಬಂದೋಬಸ್ತು ಬಂತು. ಕಟ್ಟುವುದು, ಬಿಗಿಯುವುದು ಅದರ ಮೂಲಾರ್ಥ. ಮನೆಯಲ್ಲಿ ಜತನ, ಠಾಣೆಯಲ್ಲಿ ಬಂದೋಬಸ್ತು ಎಂಬಂತಾಗಿ ಭದ್ರ ಪುಸ್ತಕದಲ್ಲಿ ಉಳಿಯಿತು.

1948ರ ಮೇ ತಿಂಗಳಲ್ಲಿ ಈ ಭಾಗದ ಗೋರಟಾದಲ್ಲಿ ನಿಜಾಮನ ಪರ ನಿಂತ ರಜಾಕಾರರು ಹಳ್ಳಿಯ ಜನರನ್ನು ಕೊಂದರು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ ನಿಜಾಮನ ಆಳ್ವಿಕೆಯನ್ನು ಐದೇ ದಿನದಲ್ಲಿ ಮುಗಿಸಿತು. ಆ ಬಳಿಕ ಹತ್ಯೆಯ ದಿಕ್ಕು ತಿರುಗಿ ಸಂಸ್ಥಾನದ ಮುಸಲ್ಮಾನರು ಬಲಿಯಾದರು. ಪಂಡಿತ ಸುಂದರಲಾಲ್ ಸಮಿತಿಯ ಅಂದಾಜಿನಂತೆ ಸತ್ತವರು 27,000ದಿಂದ 40,000. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಎರಡೂ ನೋವುಗಳನ್ನು ಒಟ್ಟಿಗೆ ನೆನೆಯುವುದು ಈ ನೆಲದ ಋಣ. ಸೈನ್ಯ ಐದು ದಿನದಲ್ಲಿ ಮಾಡಬಹುದಾದದ್ದನ್ನು ಮಾಡಿತು. ಆದರೆ ಜಾಗೀರಿನ ಹಿಡಿತ, ಉಳುವವನಿಗೆ ಹೊಲವಿಲ್ಲದ ಸ್ಥಿತಿಗಳು ಸೈನ್ಯದ ಕೈಗೆ ಸಿಗುವಂಥವಲ್ಲ. ಅದಕ್ಕೆ 1949ರ ಜಾಗೀರು ರದ್ದತಿ, 1950ರ ಹೈದರಾಬಾದ್ ಗೇಣಿ ಕಾಯ್ದೆಗಳು ಬರಬೇಕಾಯಿತು.

ಈಚಿನ ಉದಾಹರಣೆ ನೆರೆಯ ಲಾತೂರಿನದು. ಅದು ಕುಡಿಯುವುದು ಮಾಂಜ್ರಾ ನದಿಯ ನೀರನ್ನು. ಅದೇ ನದಿ ಮುಂದೆ ಬೀದರ್ ಜಿಲ್ಲೆಗೆ ಮಾಂಜರಾ ಆಗಿ ಬರುತ್ತದೆ. 2016ರ ಬೇಸಿಗೆಯಲ್ಲಿ ಅಲ್ಲಿನ ಜಲಾಶಯ ಬತ್ತಿ, ಟ್ಯಾಂಕರ್ ತುಂಬುವ ಜಾಗಗಳ ಸುತ್ತ ಜಿಲ್ಲಾಡಳಿತ 144ನೇ ಕಲಂ ಜಾರಿ ಮಾಡಿತು. ಕೊಡ ಹಿಡಿದು ಬಂದವರು ಐವರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ಬಂತು. ಹೊಡೆದಾಟ ಆಗದಂತೆ ಪೊಲೀಸರು ನೋಡಿಕೊಂಡದ್ದು ಸರಿ, ಅವರ ಕೆಲಸವೇ ಅದು. ಆದರೆ ಮಳೆ ಕಡಿಮೆಯ ಸೀಮೆಯಲ್ಲಿ ಕಬ್ಬು ಹಬ್ಬಿದ್ದು, ಕೊಳವೆಬಾವಿಗಳು ಪೈಪೋಟಿಯಲ್ಲಿ ಆಳಕ್ಕಿಳಿದದ್ದು ಯಾವ ಠಾಣೆಯ ದಾಖಲೆಯಲ್ಲೂ ಬರುವುದಿಲ್ಲ. ಗಡಿಯ ಈಚೆ ನಾವೂ ಕಬ್ಬು ಬೆಳೆಯುವವರೇ.

ಬಯಲುಸೀಮೆಯ ರೈತರಿಗೆ ಭದ್ರ ಎಂದರೆ ಏನೆಂದು ತಿಳಿಯಲು ಹಗೇವನ್ನು ನೋಡಬೇಕು. ನೆಲವನ್ನು ಆಳವಾಗಿ ಅಗೆದು, ಒಳಮೈಗೆ ಸೊಪ್ಪೆ, ಹುಲ್ಲು ಹೊದಿಸಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಂದ ವರ್ಷ ತೆಗೆಯುತ್ತಿದ್ದರು. ತೆಗೆದೊಡನೆ ಇಳಿಯುವಂತಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಉಸಿರುಗಟ್ಟಿಸುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಕಳ್ಳನ ಭಯ, ಇಲಿಯ ಭಯ, ಹಸಿವಿನ ಭಯ ಮೂರಕ್ಕೂ ಒಂದೇ ಏರ್ಪಾಡು. ಅಲ್ಲಿ ಭದ್ರವೂ ಕಲ್ಯಾಣವೂ ಬೇರೆಯಾಗಿರಲಿಲ್ಲ.

ಜಗತ್ತು ಈ ಅರ್ಥಕ್ಕೆ ಮರಳಲು ಬಹಳ ಕಾಲ ಹಿಡಿಯಿತು. ಮಹಬೂಬ್ ಉಲ್ ಹಕ್ ಅವರ ಮುಂದಾಳತ್ವದಲ್ಲಿ ಹೊರಬಂದ ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿ ಆಹಾರ, ಆರೋಗ್ಯ, ಆದಾಯ, ಪರಿಸರ ಎಲ್ಲವನ್ನೂ ಮಾನವ ಭದ್ರತೆಯೊಳಗೆ ತಂದಿತು. ಭದ್ರತಾ ಮಂಡಳಿ 2000ದ ಜನವರಿಯಲ್ಲಿ ಏಡ್ಸ್ ಕುರಿತು, 2007ರಲ್ಲಿ ಹವಾಮಾನ ಬದಲಾವಣೆ ಕುರಿತು ಚರ್ಚಿಸಿತು. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಪಡಿತರದ ಅಂಗಡಿಗೂ ಈ ಪದವನ್ನು ತಂದಿತು. ಗಡಿಯಲ್ಲಿ ನಿಂತ ಯೋಧನಿಗೂ ತೂಕದ ಮುಂದೆ ಚೀಲ ಹಿಡಿದು ನಿಂತ ತಾಯಿಗೂ ಕನ್ನಡದಲ್ಲಿ ಈಗ ಒಂದೇ ಪದವಿದೆ.

2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆ ಹೆಸರು ಹೊತ್ತ ಭಾಗದ ಬೀದರ್ ಜಿಲ್ಲೆಯಲ್ಲಿ ಭದ್ರತೆಯ ಸಭೆ ಸೇರಿದಾಗ ಜಾತ್ರೆ, ಮೆರವಣಿಗೆ, ಚೆಕ್‌ಪೋಸ್ಟುಗಳ ಜೊತೆಗೆ ಇನ್ನೂ ಕೆಲವು ಲೆಕ್ಕ ಮೇಜಿಗೆ ಬರಬೇಕು. ಈ ವರ್ಷ ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತು? ಹೈದರಾಬಾದು, ಪುಣೆ, ಮುಂಬೈಗೆ ದುಡಿಯಲು ಹೋದವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ? ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿ ಊರಿನಲ್ಲೇ ಬಾಳಲು ಸಾಧ್ಯವಾಯಿತೇ? ತೊಗರಿಯ ಬೆಲೆ ಬಿದ್ದಾಗ ಸಾಲ ಕೊಟ್ಟವರು ಯಾರು, ಎಷ್ಟು ಬಡ್ಡಿಗೆ? ಸೋಮೇಶ್ವರನ ಪಟ್ಟಿಯಲ್ಲಿ ಇಂಥವು ಮೊದಲ ಭಾಗದಲ್ಲಿದ್ದವು.