ಕಸುಬು ಕಳೆದುಕೊಂಡವರಿಗೆ ಹಂಚಿನ ಕಾರ್ಖಾನೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳಿಗೆ ಬಹುಬೇಗ ಒಂದು ಸಂಕಟ ಎದುರಾಯಿತು. ಕ್ರೈಸ್ತರಾದವರನ್ನು ಅವರ ಜಾತಿ ಹೊರಹಾಕುತ್ತಿತ್ತು. ಜಾತಿಯೊಡನೆ ಜೀವನೋಪಾಯವೂ ಹೋಗುತ್ತಿತ್ತು. ಶೇಂದಿ ಇಳಿಸುವ ಬಿಲ್ಲವರ ಕಸುಬನ್ನಂತೂ ಸ್ವತಃ ಮಿಷನ್ನೇ ಒಪ್ಪಲಿಲ್ಲ. ಹೊಸ ಕಸುಬನ್ನು ಕೊಡುವ ಹೊಣೆ ಹೀಗೆ ಅದರ ಮೇಲೆಯೇ ಬಿತ್ತೆನ್ನಬೇಕು.

ಬೇಸಾಯದ ಪ್ರಯೋಗ ಕೈಗೂಡಲಿಲ್ಲ. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಯುರೋಪಿನ ಮಗ್ಗಗಳಲ್ಲಿ ನೇಯ್ಗೆ ಕಲಿಸಿದರು. ಖಾಕಿ ಬಣ್ಣದ ಕೀರ್ತಿಯನ್ನೂ ಅವರಿಗೆ ಸಲ್ಲಿಸುವುದುಂಟು. 1865ರಲ್ಲಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಜೇಡಿಮಣ್ಣು ನೂರಾರು ಕುಟುಂಬಗಳಿಗೆ ಅನ್ನವಾಯಿತು. ಆದರೆ ಬೋಧಕನೇ ಧಣಿಯಾದ ಕಡೆ ಕೂಲಿಯವನು ತನ್ನ ದೂರನ್ನು ಯಾರ ಮುಂದೆ ಇಡಬೇಕು? ಈ ಪ್ರಶ್ನೆ ನಮ್ಮ ಸಂಸ್ಥೆಗಳಿಗೂ ತಪ್ಪಿದ್ದಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾದರು. ಕಾರ್ಖಾನೆಗಳು ಬ್ರಿಟಿಷರ ಕೈಸೇರಿದವು. ಅಷ್ಟರೊಳಗೆ ಕಥೋಲಿಕರೂ ಸೇರಿದಂತೆ ಊರಿನ ಹಲವರು ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದ್ದರು. ಕೆಲಸ ಬಲ್ಲವರು ಅಲ್ಲಿಯೂ ಕೂಲಿ ಕೇಳಬಹುದಿತ್ತು.