‘ಡಿ’ ಎಂಬ ಅಕ್ಷರದ ಚರಿತ್ರೆ

ಹುಬ್ಬಳ್ಳಿಯಿಂದ ಕುಂದಗೋಳ, ಸಂಶಿಗಳನ್ನು ಹಾಯ್ದು ಹರಿಹರದತ್ತ ಸಾಗುವ ರೈಲುಹಾದಿಯ ಮಗ್ಗುಲಲ್ಲಿ ಒಂದು ಕಾಲಕ್ಕೆ ತಂತಿಕಂಬಗಳ ಸಾಲಿತ್ತು. ಅಂಥ ತಂತಿಗೂ, ಸಂಶಿಯಿಂದ ಧಾರವಾಡದ ಕಾಲೇಜಿಗೆ ಬಂದ ವಿದ್ಯಾರ್ಥಿ ಬಿಡಿಸುವ ಅವಕಲ ಸಮೀಕರಣಕ್ಕೂ ನಂಟುಂಟೆಂದರೆ ಸೋಜಿಗವೆನಿಸೀತು.

ಬದಲಾಗುವ ಪ್ರಮಾಣಕ್ಕೂ ಅದರ ಬದಲಾವಣೆಯ ವೇಗಕ್ಕೂ ಇರುವ ಸಂಬಂಧವನ್ನು ಹೇಳುವ ವಾಕ್ಯವೇ ಅವಕಲ ಸಮೀಕರಣ. ‘ವೇಗವನ್ನು ಕಂಡುಹಿಡಿ’ ಎಂಬ ಆಜ್ಞೆಗೆ ಗಣಿತಜ್ಞರು ‘ಡಿ’ ಎಂಬ ಒಂದೇ ಅಕ್ಷರವನ್ನಿಟ್ಟರು. ಅದು ಸಂಖ್ಯೆಯಲ್ಲ, ಆದರೂ ಸಂಖ್ಯೆಯಂತೆ ನಡೆಸಿಕೊಂಡರೆ ಲೆಕ್ಕ ಹಗುರಾಗುತ್ತದೆ. ‘ಡಿ ವರ್ಗ, ಕಳೆ ಐದು ಡಿ, ಕೂಡು ಆರು’ ಎಂಬ ಆಜ್ಞೆಗೆ ಒಳಗಾದ ಪ್ರಮಾಣ ಸೊನ್ನೆಯಾಗಬೇಕೆನ್ನೋಣ. ಆ ಆಜ್ಞೆಯನ್ನು ‘ಡಿ ಕಳೆ ಎರಡು’, ‘ಡಿ ಕಳೆ ಮೂರು’ ಎಂದು ಎರಡು ಅಪವರ್ತನಗಳಾಗಿ ಒಡೆಯಬಹುದು. ಆಗ ಒಂದು ಕಗ್ಗಂಟು ಎರಡು ಸುಲಭದ ಗಂಟುಗಳಾಗುತ್ತದೆ. ತನ್ನ ಎರಡರಷ್ಟು ವೇಗದಿಂದ ಬೆಳೆಯುವ ಪ್ರಮಾಣವೊಂದು, ಮೂರರಷ್ಟು ವೇಗದಿಂದ ಬೆಳೆಯುವುದು ಇನ್ನೊಂದು; ಇವೆರಡರ ಕೂಡಿಕೆಯೇ ಉತ್ತರ.

ಆಜ್ಞೆಯನ್ನು ಹೀಗೆ ಒಡೆಯುವ ಅಧಿಕಾರ ಎಲ್ಲಿಂದ ಬಂತು? ಕ್ರಿಯೆಗಳಿಗೂ ಸಂಖ್ಯೆಗಳಿಗಿರುವಂಥ ನಿಯಮಗಳುಂಟೆಂದು ಫ್ರಾನ್ಸಿನ ಸೆರ್ವುವಾ 1814ರಲ್ಲಿ ತೋರಿಸಿದನು. ನಿಯಮಗಳು ಒಂದೇ ಆದರೆ ಅವುಗಳಿಂದ ಹುಟ್ಟುವ ಫಲವೂ ಒಂದೇ ಎಂದು ಕೇಂಬ್ರಿಜ್ಜಿನ ಡಂಕನ್ ಗ್ರೆಗರಿ ವಾದಿಸಿದನು. ಸಹಗುಣಕಗಳು ಸ್ಥಿರವಾಗಿರುವವರೆಗೆ ಇದು ಸರಿ. ಅವು ತಾವೇ ಬದಲಾಗುವಂಥವಾದರೆ ಮೊದಲು ಗುಣಿಸಿ ಆಮೇಲೆ ವೇಗ ಕಾಣುವುದು ಬೇರೆ, ಮೊದಲು ವೇಗ ಕಂಡು ಆಮೇಲೆ ಗುಣಿಸುವುದು ಬೇರೆ. ಈ ತೊಡಕಿಗೂ ದಾರಿ ಹುಡುಕಿದವನು ಜಾರ್ಜ್ ಬೂಲ್. ಚಮ್ಮಾರನ ಮಗ; ವಿಶ್ವವಿದ್ಯಾಲಯದ ಪದವಿಯಿಲ್ಲದೆ ಲಿಂಕನ್ ಊರಿನಲ್ಲಿ ಶಾಲೆ ನಡೆಸುತ್ತಿದ್ದವನು. ಅವನ 1844ರ ಪ್ರಬಂಧಕ್ಕೆ ರಾಯಲ್ ಸೊಸೈಟಿಯ ಪದಕ ದೊರೆಯಿತು. ಅವನ ಬರಹಗಳಿಗೆ ತನ್ನ ಪತ್ರಿಕೆಯಲ್ಲಿ ಎಡೆಯಿತ್ತಿದ್ದ ಗ್ರೆಗರಿ ಅದೇ ವರ್ಷ, ಮೂವತ್ತರ ಹರೆಯದಲ್ಲಿ ತೀರಿಕೊಂಡನು.

ತಂತಿಯ ಮಾತು ಬರುವುದು ಇಲ್ಲಿ. ಹದಿನಾರಕ್ಕೇ ಶಾಲೆ ಬಿಟ್ಟು ತಂತಿ ಕಚೇರಿ ಸೇರಿದ ಆಲಿವರ್ ಹೆವಿಸೈಡ್, ಉದ್ದನೆಯ ತಂತಿಯಲ್ಲಿ ಸಂಕೇತಗಳು ಮಸುಕಾಗುವುದೇಕೆಂದು ಚಿಂತಿಸುತ್ತ ಇದೇ ಕಾರಕ ವಿಧಾನವನ್ನು ಬಳಸಿದನು. ಉತ್ತರಗಳು ಸರಿಬಂದವು, ಸಾಧನೆಯ ಕಟ್ಟುನಿಟ್ಟು ಮಾತ್ರ ಸಾಲದೆನಿಸಿತು. ಆತನನ್ನು 1891ರಲ್ಲಿ ಸದಸ್ಯನನ್ನಾಗಿ ಆರಿಸಿದ್ದ ರಾಯಲ್ ಸೊಸೈಟಿಯೇ, 1894ರಲ್ಲಿ ಅವನ ಲೇಖನದ ಮೂರನೆಯ ಭಾಗವನ್ನು ಅಚ್ಚಿಸಲೊಪ್ಪಲಿಲ್ಲ. ಬ್ರಾಮ್‌ವಿಚ್ 1916ರಲ್ಲಿ ಆ ವಿಧಾನಕ್ಕೆ ಗಟ್ಟಿಯಾದ ತಳಹದಿಯೊದಗಿಸಿದನು. ಮುಂದೆ ಲಾಪ್ಲಾಸನ ಹೆಸರಿನ ರೂಪಾಂತರ ಎಂಜಿನಿಯರಿಂಗ್ ತರಗತಿಗಳಲ್ಲಿ ಅದರ ಜಾಗದಲ್ಲಿ ನಿಂತಿತು.

ಸೊಸೈಟಿಯದು ಬರಿಯ ಹಟವೆನ್ನಲಾಗದು. ಅಕ್ಷರವನ್ನು ಸಂಖ್ಯೆಯಂತೆ ಎಲ್ಲಿಯವರೆಗೆ ನಡೆಸಿಕೊಳ್ಳಬಹುದೆಂಬ ಎಲ್ಲೆಯನ್ನು ಯಾರಾದರೂ ಗುರುತಿಸಲೇಬೇಕಿತ್ತು. ಆದರೆ ಎಲ್ಲೆ ಗೊತ್ತಾಗುವ ಮುನ್ನವೇ ನಡೆದು ನೋಡುವವರೂ ಬೇಕು. ಸಾವಿರದ ಒಂಬೈನೂರ ಹದಿನೇಳರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ತೆರೆದಾಗ ಬ್ರಾಮ್‌ವಿಚ್ಚನ ಆ ಕೆಲಸಕ್ಕೆ ಒಂದೇ ವರ್ಷ ವಯಸ್ಸು. ಎರಡು ಸಾಲಿನಲ್ಲಿ ಮುಗಿಯುವ ಪರೀಕ್ಷೆಯ ಉತ್ತರದ ಹಿಂದೆ, ಪದವಿಯ ಬೆಂಬಲವಿಲ್ಲದ ಒಬ್ಬ ಶಾಲಾಮಾಸ್ತರ, ಒಬ್ಬ ತಂತಿ ಗುಮಾಸ್ತರ ಧೈರ್ಯವಿದೆ. ಹಳ್ಳಿಯಿಂದ ಬಂದು ಗಣಿತಕ್ಕೆ ಅಂಜುವ ಹುಡುಗ ಹುಡುಗಿಯರಿಗೆ ಸೂತ್ರದೊಡನೆ ಈ ಚರಿತ್ರೆಯನ್ನೂ ಹೇಳಿಕೊಡುವುದು ಒಳಿತು.